ಕಡತ ಒಂದೇ ಕಡೆ ಇರಲಿ

ಕಳೆದ ಆಗಸ್ಟ್‌ನ ಒಂದು ರಾತ್ರಿ. ಹಾಸನದಿಂದ ಬಂದ ತಂಗಿಯೊಬ್ಬಳು ಶಾರ್ಲಟ್ ವಿಮಾನ ನಿಲ್ದಾಣದಲ್ಲಿ ಎರಡು ಸೂಟ್‌ಕೇಸ್ ಪಕ್ಕಕ್ಕಿಟ್ಟುಕೊಂಡು ಕೂತಿದ್ದಳು. ನಾವೇ ಕಳಿಸಿದ್ದ ಹೊಸಬರ ಕೈಪಿಡಿಯಲ್ಲಿದ್ದ ನಂಬರಿಗೆ ಫೋನ್ ಮಾಡುತ್ತಲೇ ಇದ್ದಳು. ಆ ನಂಬರಿನ ಅಣ್ಣ ಓದು ಮುಗಿಸಿ ಬೇರೆ ರಾಜ್ಯಕ್ಕೆ ಹೋಗಿ ವರ್ಷವಾಗಿತ್ತು. ಅವಳ ತಾಯಿ ಊರಿನಿಂದಲೇ ಯಾರ್ಯಾರನ್ನೋ ಹಿಡಿದು ನಮಗೆ ಸುದ್ದಿ ಮುಟ್ಟಿಸಿದರು. ಕೊಲಂಬಿಯಾದಿಂದ ಅಲ್ಲಿಗೆ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ. ನಾವು ತಲುಪುವಾಗ ನಡುರಾತ್ರಿ ದಾಟಿತ್ತು. ಅವಳು ಬೈಯಲಿಲ್ಲ, "ಪರವಾಗಿಲ್ಲ ಅಕ್ಕ" ಅಂದಳು. ಅದೇ ನಮಗೆ ಹೆಚ್ಚು ಚುಚ್ಚಿತು.

ಸರಿಯಾದ ನಂಬರು ನಮ್ಮಲ್ಲಿ ಇರಲಿಲ್ಲ ಅಂತಲ್ಲ. ಇತ್ತು, ಆದರೆ ವಾಟ್ಸಾಪ್ ಗುಂಪಿನ ಯಾವುದೋ ಹಳೆಯ ಮೆಸೇಜಿನಲ್ಲಿ. ಮರುದಿನ ಹುಡುಕಿದರೆ ಕೈಪಿಡಿಯ ನಾಲ್ಕು ಪ್ರತಿ ಸಿಕ್ಕವು: 'ಫೈನಲ್', 'ಫೈನಲ್ 2', 'ಹೊಸ ಫೈನಲ್', ಇನ್ನೊಂದಕ್ಕೆ ಹೆಸರೇ ಇಲ್ಲ. ಒಂದರಲ್ಲಿ ಸೆವಿಸ್ ಶುಲ್ಕ 200 ಡಾಲರ್ ಅಂತಲೇ ಇತ್ತು. ಅದು 2019ರ ಜೂನ್‌ನಲ್ಲೇ 350 ಆಗಿದೆ. ಯುಗಾದಿ ಊಟದ ಲೆಕ್ಕ ಹಿಂದಿನ ಖಜಾಂಚಿಯ ಸ್ವಂತ ಡ್ರೈವ್‌ನಲ್ಲಿತ್ತು. ಸಂಘದ ಇಮೇಲ್ ತೆರೆಯೋಣ ಅಂದರೆ ಒಟಿಪಿ ಹೋಗುತ್ತಿದ್ದದ್ದು ಅವರ ಫೋನಿಗೆ!

ಹಳೆಯ ಕಡತದ ಪಾಠ

ಈಗ ಕಡತ ಅಂದರೆ ಆಫೀಸಿನ ಫೈಲು. ಹಿಂದೆ ಕಡತ ಅಂದರೆ ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲಿನ ಪುಡಿ ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಬೇಕಾದರೆ ಅಳಿಸಿ ಮತ್ತೆ ಬರೆಯಬಹುದಿತ್ತು. ಶೃಂಗೇರಿ ಮಠದ ಕಡತಗಳು ಇಂದಿಗೂ ಚರಿತ್ರೆಕಾರರಿಗೆ ಆಕರ. ಬರೆಯುವವರು ಬದಲಾದರು, ಕಡತ ಮಾತ್ರ ಮಠದಲ್ಲೇ ಉಳಿಯಿತು. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಗುವ ನಮ್ಮಂಥ ಸಂಘಕ್ಕೆ ಬೇಕಾದ್ದು ಇದೇ.

ನಾವು ಮಾಡಿಕೊಂಡ ಕಟ್ಟಳೆ

1. ಒಡೆತನ ಸಂಘದ್ದು. ಗೂಗಲ್‌ನ 'ಮೈ ಡ್ರೈವ್'ನಲ್ಲಿ ಫೈಲು ಅದನ್ನು ಮಾಡಿದ ಖಾತೆಗೇ ಸೇರಿದ್ದು. ಖಾತೆ ಅಳಿಸಿಹೋದರೆ ಫೈಲೂ ಹೋಗುತ್ತದೆ. ಕಾಲೇಜು, ಸಂಸ್ಥೆಗಳ ಖಾತೆಗಳಲ್ಲಿ ಸಿಗುವ 'ಶೇರ್ಡ್ ಡ್ರೈವ್'ನಲ್ಲಿ ಫೈಲು ತಂಡದ್ದೇ. ಒಬ್ಬರು ಬಿಟ್ಟರೂ ಉಳಿಯುತ್ತದೆ. ಅದು ಸಿಗದಿದ್ದರೆ ಸಂಘದ ಹೆಸರಲ್ಲೇ ಒಂದು ಖಾತೆ ಇರಲಿ, ಎಲ್ಲ ಫೈಲನ್ನೂ ಅದರಿಂದಲೇ ಮಾಡಿ. ಎರಡು ವರ್ಷ ಯಾರೂ ಬಳಸದ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಬಹುದು ಅನ್ನೋದು ನೆನಪಿರಲಿ.

2. ಪ್ರತಿ ಒಂದೇ. ಫೈಲು ಕಳಿಸಬೇಡಿ, ಅದರ ಲಿಂಕ್ ಕಳಿಸಿ. 'ಫೈನಲ್ 2' ಬೇಕಿಲ್ಲ; ಗೂಗಲ್ ಡಾಕ್ಸ್‌ನಲ್ಲಿ ಯಾರು ಯಾವಾಗ ಏನು ತಿದ್ದಿದರು ಅನ್ನೋದು ಉಳಿದಿರುತ್ತದೆ, ತಪ್ಪಾದರೆ ಹಿಂದಿನ ರೂಪಕ್ಕೆ ಮರಳಬಹುದು. ಬಳಪದ ಕಡತಕ್ಕೆ ಈ ಸೌಕರ್ಯ ಇರಲಿಲ್ಲ.

3. ಪುಟಕ್ಕೊಬ್ಬ ಯಜಮಾನ. ಪ್ರತಿ ಪುಟದ ತಲೆಯಲ್ಲಿ ಎರಡು ಸಾಲು: ಇದನ್ನು ನೋಡಿಕೊಳ್ಳುವವರು ಯಾರು, ಕೊನೆಗೆ ಪರಿಶೀಲಿಸಿದ್ದು ಯಾವಾಗ. ಎಲ್ಲರೂ ತಿದ್ದಬಹುದು ಅಂದರೆ ಯಾರೂ ತಿದ್ದೋದಿಲ್ಲ. ಶುಲ್ಕ, ವೀಸಾ ವಿಷಯದಲ್ಲಿ ಅಂಕಿ ಬರೆಯುವುದಕ್ಕಿಂತ ಸರಕಾರಿ ಪುಟದ ಲಿಂಕ್ ಕೊಡುವುದು ಮೇಲು.

4. ಗುಟ್ಟು ಬೇರೆ ಇರಲಿ. ಕೈಪಿಡಿ ಎಲ್ಲರಿಗೂ. ಫೋನ್ ನಂಬರು, ಹಣದ ಲೆಕ್ಕ ಸಮಿತಿಗೆ ಮಾತ್ರ. ಕೈಪಿಡಿಯಲ್ಲಿ ಈಗ ಯಾರ ಸ್ವಂತ ನಂಬರೂ ಇಲ್ಲ; ಸಂಘದ ಇಮೇಲ್ ಇದೆ. ಆ ಪೆಟ್ಟಿಗೆಯನ್ನು ಇಬ್ಬರು ನೋಡುತ್ತಾರೆ.

5. ಕೈಬದಲು ಒಂದು ಸಂಜೆಯ ಕೆಲಸ. ಸೆಮಿಸ್ಟರ್ ಮುಗಿಯುವ ಮೊದಲು ಹಳಬರು, ಹೊಸಬರು ಒಟ್ಟಿಗೆ ಕೂತು ಪಾಸ್‌ವರ್ಡ್, ಒಟಿಪಿ ನಂಬರು ಬದಲಿಸಬೇಕು. ಪ್ರತಿ ಪುಟವನ್ನೂ ಹೊಸಬರೇ ತೆರೆದು ತೋರಿಸಬೇಕು. ಅವರಿಗೆ ತೆರೆಯದಿದ್ದರೆ ಕೆಲಸ ಮುಗಿದಿಲ್ಲ.

ಇದೆಲ್ಲ ಒಂದೇ ದಿನಕ್ಕೆ ಆಗಲಿಲ್ಲ. ವಾಟ್ಸಾಪ್‌ನಲ್ಲೇ ಮುಗಿಸುವ ಚಾಳಿ ನಮಗಿನ್ನೂ ಬಿಟ್ಟಿಲ್ಲ. ಆದರೆ ಈಗ ಗುಂಪಿನಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರವನ್ನು ಮೊದಲು ಪುಟದಲ್ಲಿ ಬರೆದು, ಆಮೇಲೆ ಲಿಂಕ್ ಹಾಕುತ್ತೇವೆ.

ಅಂದ ಹಾಗೆ, ವಿಮಾನ ನಿಲ್ದಾಣದ ಪುಟವನ್ನು ಈಗ ನೋಡಿಕೊಳ್ಳುತ್ತಿರುವುದು ಅದೇ ಹಾಸನದ ತಂಗಿ. ಮುಂದಿನ ಸಮಿತಿಯವರಿಗೆ ನಮ್ಮ ಮಾತು ಇಷ್ಟೆ: ತಪ್ಪು ಕಂಡರೆ ಮೆಸೇಜ್ ಹಾಕಿ ಸುಮ್ಮನಾಗಬೇಡಿ, ಅಲ್ಲೇ ತಿದ್ದಿಬಿಡಿ.