ಒಂದೇ ಲೋಟ ನೀರಿನಲ್ಲಿ ಎರಡು ಮಾತ್ರೆ

ಐವತ್ತೈದು ದಾಟಿದ ಒಬ್ಬ ಗೃಹಿಣಿ ಇದ್ದಾರೆಂದು ಇಟ್ಟುಕೊಳ್ಳೋಣ. ಥೈರಾಯ್ಡ್ ಗ್ರಂಥಿ ಮಂದವಾಗಿರುವ ಕಾರಣ ಹಲವು ವರ್ಷಗಳಿಂದ ಥೈರಾಕ್ಸಿನ್ ಮಾತ್ರೆ ಸೇವಿಸುತ್ತಿದ್ದಾರೆ. 50 ಮೈಕ್ರೋಗ್ರಾಂ ಸಾಕಾಗಿತ್ತು. ಈಚೆಗೆ ಮೂಳೆ ಸವೆತಕ್ಕೆಂದು ಕ್ಯಾಲ್ಸಿಯಂ ಮಾತ್ರೆಯೂ ಸೇರಿತು. ಮರೆತುಹೋದೀತೆಂದು ಎರಡನ್ನೂ ಬೆಳಿಗ್ಗೆ ಒಂದೇ ಲೋಟ ನೀರಿನಲ್ಲಿ ನುಂಗಿಬಿಡುತ್ತಾರೆ. ಕೆಲವು ತಿಂಗಳಲ್ಲಿ ಆಯಾಸ, ಮಲಬದ್ಧತೆ ಮರಳುತ್ತವೆ. ರಕ್ತಪರೀಕ್ಷೆಯಲ್ಲಿ ಟಿ.ಎಸ್.ಎಚ್. ಏರಿರುತ್ತದೆ. ವೈದ್ಯರು ಥೈರಾಕ್ಸಿನ್ ಅನ್ನು 75ಕ್ಕೆ, ಮುಂದೆ 100ಕ್ಕೆ ಹೆಚ್ಚಿಸುತ್ತಾರೆ. ಕ್ಯಾಲ್ಸಿಯಂ ಬರೆದವರು ಮೂಳೆ ವೈದ್ಯರು. ಅದು ಇವರಿಗೆ ಗೊತ್ತೇ ಇಲ್ಲ. ಎರಡೂ ಚೀಟಿಗಳು ಒಟ್ಟಿಗೆ ಕಾಣುವ ಜಾಗ ಔಷಧ ಅಂಗಡಿ ಮಾತ್ರ.

"ಎರಡೂ ಒಟ್ಟಿಗೆ ನುಂಗಿದ್ರೆ ಏನೂ ಆಗಲ್ವಾ?" ಎಂದು ಆಕೆ ಅಲ್ಲಿ ಕೇಳಿದರೆ, ತರಬೇತಿ ಪಡೆದ ಫಾರ್ಮಸಿಸ್ಟ್ ತಟ್ಟನೆ ಹೌದು, ಇಲ್ಲ ಎನ್ನುವುದಿಲ್ಲ. ಮೊದಲು ತಾವೇ ಪ್ರಶ್ನೆ ಕೇಳುತ್ತಾರೆ. ಕ್ಯಾಲ್ಸಿಯಂ ಯಾವ ಬಗೆಯದು, ದಿನಕ್ಕೆಷ್ಟು, ಯಾವಾಗಿನಿಂದ? ಮಾತ್ರೆಯ ಹಿಂದೆಯೇ ಕಾಫಿ ಕುಡಿಯುತ್ತೀರಾ? ಕಬ್ಬಿಣಾಂಶದ ಮಾತ್ರೆ, ಹುಳಿತೇಗಿನ ಔಷಧ ಏನಾದರೂ ಇದೆಯೇ? ಥೈರಾಯ್ಡ್ ಮಾತ್ರೆಯ ಪ್ರಮಾಣ ಹೆಚ್ಚಿಸಿದ್ದು ಯಾವಾಗ? ಈ ಕೊನೆಯ ಪ್ರಶ್ನೆ ಎಷ್ಟು ಮುಖ್ಯವೆಂಬುದು ಮುಂದೆ ತಿಳಿಯುತ್ತದೆ.

ಅನಂತರ ಆಕರಗಳ ಸರದಿ. ಭಾರತದ ರಾಷ್ಟ್ರೀಯ ಫಾರ್ಮುಲರಿ, ಬ್ರಿಟಿಷ್ ನ್ಯಾಷನಲ್ ಫಾರ್ಮುಲರಿ, ಮಾರ್ಟಿಂಡೇಲ್ ಇಂಥ ಕೈಪಿಡಿಗಳು ಬೇಗ ಉತ್ತರ ಕೊಡುತ್ತವೆ. ಆದರೆ ಅವು ಇತರರ ಸಂಶೋಧನೆಯ ಸಾರಾಂಶ. ಕಂಪನಿಯ ಪ್ರತಿನಿಧಿ ಕೊಟ್ಟುಹೋಗುವ ಬಣ್ಣದ ಹಾಳೆಯನ್ನು ಅಲ್ಲಿ ಏನನ್ನು ಬಿಟ್ಟಿದ್ದಾರೆ ಎಂದು ಹುಡುಕುತ್ತಾ ಓದಬೇಕು! ಸಂಶಯ ಉಳಿದರೆ ಮೂಲ ಅಧ್ಯಯನವನ್ನೇ ತೆರೆಯಬೇಕು.

ನಮ್ಮ ಗೃಹಿಣಿಯ ಪ್ರಶ್ನೆಗೆ ಅಂಥ ಅಧ್ಯಯನವೊಂದಿದೆ. 2000ದಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ನ ಪತ್ರಿಕೆಯಲ್ಲಿ ಪ್ರಕಟವಾಯಿತು. ಥೈರಾಕ್ಸಿನ್‌ನಿಂದ ಸ್ಥಿಮಿತದಲ್ಲಿದ್ದ 20 ರೋಗಿಗಳಿಗೆ ಅದರ ಜೊತೆಯಲ್ಲೇ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಅನ್ನು ಕಾರ್ಬೊನೇಟ್ ರೂಪದಲ್ಲಿ ಮೂರು ತಿಂಗಳು ಕೊಟ್ಟರು. ಸರಾಸರಿ ಟಿ.ಎಸ್.ಎಚ್. 1.6ರಿಂದ 2.7ಕ್ಕೆ ಏರಿತು. ಐವರಲ್ಲಿ ಒಬ್ಬರಂತೆ ಸಹಜ ಮಿತಿಯನ್ನೂ ದಾಟಿತು. ಕ್ಯಾಲ್ಸಿಯಂ ನಿಲ್ಲಿಸಿದ ಮೇಲೆ 1.4ಕ್ಕೆ ಇಳಿಯಿತು.

ಇಪ್ಪತ್ತೇ ಜನ! ಹೋಲಿಕೆಗೆ ಕ್ಯಾಲ್ಸಿಯಂ ಇಲ್ಲದ ಬೇರೊಂದು ಗುಂಪೂ ಇರಲಿಲ್ಲ. ಹಾಗಿದ್ದರೆ ನಂಬುವುದು ಹೇಗೆ? ಕೊಟ್ಟಾಗ ಏರಿ ನಿಲ್ಲಿಸಿದಾಗ ಇಳಿದದ್ದು ಒಂದು ಬಲವಾದ ಸುಳಿವು. ಹೊಟ್ಟೆಯಲ್ಲಿರುವಂಥ ಆಮ್ಲೀಯ ದ್ರವದಲ್ಲಿ ಥೈರಾಕ್ಸಿನ್ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಅಂಟಿಕೊಳ್ಳುತ್ತದೆಂದು ಅದೇ ಸಂಶೋಧಕರು ಪ್ರಯೋಗಶಾಲೆಯಲ್ಲೂ ಕಂಡರು. ಅಂಟಿಕೊಂಡದ್ದು ರಕ್ತಕ್ಕೆ ಸೇರದೆ ಹೊರಹೋಗುತ್ತದೆ. ಎರಡು ಮಾತ್ರೆಗಳ ನಡುವೆ ನಾಲ್ಕು ಗಂಟೆ ಬಿಡುವುದರಿಂದ ಖರ್ಚಿಲ್ಲ, ಅಪಾಯವೂ ಇಲ್ಲ. ಇಷ್ಟು ಅಗ್ಗದ ಎಚ್ಚರಿಕೆಗೆ ಇಷ್ಟು ಪುರಾವೆ ಧಾರಾಳವಾಯಿತು. ದುಬಾರಿಯಾದ ಹೊಸ ಔಷಧವೊಂದನ್ನು ಶುರು ಮಾಡಿ ಎನ್ನಲು ಇದೇ 20 ಜನರ ಪುರಾವೆ ಸಾಲದು.

ಇನ್ನು ಉತ್ತರ ಹೇಳುವ ಬಗೆ. "ಅಮ್ಮಾ, ಥೈರಾಯ್ಡ್ ಮಾತ್ರೆ ಎದ್ದ ಕೂಡಲೇ ಬರಿ ನೀರಲ್ಲಿ. ಕಾಫಿ, ತಿಂಡಿ ಮುಕ್ಕಾಲು ಗಂಟೆ ಬಿಟ್ಟು. ಕ್ಯಾಲ್ಸಿಯಂ ಮಧ್ಯಾಹ್ನ ಊಟದ ಜೊತೆಗೆ." ಪೊಟ್ಟಣದ ಮೇಲೆ ಕನ್ನಡದಲ್ಲಿ ಬರೆದುಕೊಟ್ಟರೆ ಇನ್ನೂ ಒಳ್ಳೆಯದು. ಆದರೆ ಇಲ್ಲಿಗೇ ನಿಲ್ಲಿಸಿದರೆ ಪುಸ್ತಕದ ಪ್ರಕಾರ ಸರಿಯಾದ ಈ ಸಲಹೆಯೇ ಆಕೆಗೆ ಕೇಡು ಮಾಡಬಹುದು. ಏಕೆಂದರೆ ಮಾತ್ರೆ ಈಗಾಗಲೇ 100ಕ್ಕೆ ಏರಿದೆ. ಕ್ಯಾಲ್ಸಿಯಂ ದೂರವಾದೊಡನೆ ಅದು ಹೆಚ್ಚಾಗಿ ರಕ್ತಕ್ಕೆ ಸೇರುತ್ತದೆ. ಥೈರಾಕ್ಸಿನ್ ಅತಿಯಾದರೆ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ವಯಸ್ಸಾದವರಲ್ಲಿ ಹೃದಯದ ಬಡಿತ ತಾಳ ತಪ್ಪಬಹುದು. ಯಾವ ಮೂಳೆಗಾಗಿ ಕ್ಯಾಲ್ಸಿಯಂ ಕೊಟ್ಟರೋ ಆ ಮೂಳೆಯೂ ಇನ್ನಷ್ಟು ಸವೆಯಬಹುದು. ಆದ್ದರಿಂದ ಫಾರ್ಮಸಿಸ್ಟ್ ವೈದ್ಯರಿಗೆ ಫೋನ್ ಮಾಡಿಯೋ ಚೀಟಿ ಬರೆದೋ ವಿಷಯ ತಿಳಿಸಬೇಕು. ಪ್ರಮಾಣ ಬದಲಿಸುವ ಅಧಿಕಾರ ವೈದ್ಯರದು. ಆರರಿಂದ ಎಂಟು ವಾರಗಳಲ್ಲಿ ಟಿ.ಎಸ್.ಎಚ್. ಮತ್ತೆ ನೋಡಬೇಕಾಗುತ್ತದೆ.

ಎಲ್ಲ ಅಂಗಡಿಗಳಲ್ಲೂ ಇಷ್ಟು ನಡೆಯುತ್ತದೆಯೇ? ಇಲ್ಲವೆಂಬುದು ನಮಗೆಲ್ಲ ಗೊತ್ತು. ಪರವಾನಗಿಯಲ್ಲಿ ಒಬ್ಬರ ಹೆಸರು, ಮಾತ್ರೆ ಕತ್ತರಿಸಿ ಕೊಡುವುದು ಮತ್ತೊಬ್ಬ ಹುಡುಗ. 2015ರ ಫಾರ್ಮಸಿ ವೃತ್ತಿ ನಿಯಮಗಳು ರೋಗಿಗೆ ತಿಳಿವಳಿಕೆ ಹೇಳುವುದನ್ನು ಫಾರ್ಮಸಿಸ್ಟರ ಕರ್ತವ್ಯವೆಂದೇ ಹೇಳುತ್ತವೆ. ಹಾಗಾಗಿ "ಫಾರ್ಮಸಿಸ್ಟ್ ಯಾರು, ಅವರ ಜೊತೆ ಮಾತಾಡಬೇಕು" ಎಂದು ಕೇಳಲು ಸಂಕೋಚ ಬೇಡ. ಹೋಗುವಾಗ ಮನೆಯಲ್ಲಿ ಸೇವಿಸುವ ಎಲ್ಲ ಮಾತ್ರೆಗಳ ಹಾಳೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಟಾನಿಕ್, ಆಯುರ್ವೇದದ ಲೇಹ್ಯ ಸಹ ಇರಲಿ. ಯಾವುದೇ ಔಷಧದಿಂದ ತೊಂದರೆಯಾಯಿತೆಂಬ ಅನುಮಾನವಿದ್ದರೆ ವೈದ್ಯರಿಗೆ ಹೇಳುವುದಲ್ಲದೆ ಭಾರತದ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೂ ತಿಳಿಸಬಹುದು. ವರದಿ ಮಾಡಲು ರೋಗಿಗಳಿಗೂ ಅವಕಾಶವಿದೆ.