ಗಾಯ ಮುಚ್ಚುವ ನಡಿಗೆ

ಬನವಾಸಿಯ ಸಮೀಪದಲ್ಲಿ ಗುಡ್ನಾಪುರವೆಂಬ ಊರಿದೆ. ವಿಶಾಲವಾದ ಕೆರೆಗೂ ಕದಂಬ ದೊರೆ ರವಿವರ್ಮನ ಶಾಸನಕ್ಕೂ ಅದು ಹೆಸರಾಗಿದೆ. ಅಲ್ಲಿ ಭತ್ತ ಕೊಯ್ಯುತ್ತಿರುವ ರೈತನೊಬ್ಬನ ಬೆರಳಿಗೆ ಕತ್ತಿ ತಗುಲಿತೆಂದು ಭಾವಿಸಬಹುದು. ರಕ್ತ ಸುರಿಯುತ್ತದೆ, ಸ್ವಲ್ಪ ಹೊತ್ತಿನಲ್ಲಿ ಹೆಪ್ಪುಗಟ್ಟಿ ನಿಲ್ಲುತ್ತದೆ. ಕೆಲವು ದಿನಗಳ ತರುವಾಯ ಹಕ್ಕಳೆ ಉದುರಿ, ಅದರಡಿಯಲ್ಲಿ ಹೊಸ ಚರ್ಮ ಕಾಣಿಸುತ್ತದೆ. ಔಷಧವು ಗಾಯವನ್ನು ಶುದ್ಧವಾಗಿ ಇಡಬಲ್ಲುದು. ಆದರೆ ಅದನ್ನು ಮುಚ್ಚುವವರಾರು?

ಆ ಕೆಲಸವನ್ನು ಮಾಡುವವು ಚರ್ಮದ ಜೀವಕೋಶಗಳೇ. ಗಾಯದ ಅಂಚಿನಲ್ಲಿರುವ ಕೋಶಗಳು ತಮ್ಮ ಹಿಡಿತವನ್ನು ಸಡಿಲಿಸಿ, ಬರಿದಾದ ಸ್ಥಳದತ್ತ ನಡೆಯತೊಡಗುತ್ತವೆ. ಅವುಗಳ ಹಿಂದಿನ ಕೋಶಗಳು ವಿಭಜನೆ ಹೊಂದಿ ಸಂಖ್ಯೆಯಲ್ಲಿ ಹೆಚ್ಚುತ್ತವೆ. ಕೋಶದ ನಡಿಗೆ ಬಹಳ ನಿಧಾನವಾದುದು. ಒಂದು ಗಂಟೆಗೆ 20 ಮೈಕ್ರೋಮೀಟರ್ ವೇಗವೆಂದು ಇಟ್ಟುಕೊಂಡರೆ, ಕೇವಲ 1 ಮಿಲಿಮೀಟರ್ ದೂರವನ್ನು ದಾಟಲು 50 ಗಂಟೆಗಳು ಬೇಕು.

ಕಾಲಿಲ್ಲದ ಕೋಶವು ನಡೆಯುವುದು ಹೇಗೆ? ಇದಕ್ಕೆ ಆಧಾರವಾದುದು ಆಕ್ಟಿನ್ ಎಂಬ ಪ್ರೋಟೀನು. 1942ರಲ್ಲಿ ಹಂಗೇರಿ ದೇಶದ ಸೆಗೆಡ್ ನಗರದಲ್ಲಿ ಸ್ಟ್ರೌಬ್ ಎಂಬ ವಿಜ್ಞಾನಿ ಇದನ್ನು ಸ್ನಾಯುವಿನಿಂದ ಬೇರ್ಪಡಿಸಿ ತೋರಿಸಿದರು. ಸ್ನಾಯುವಿನಲ್ಲಿ ಮಾತ್ರವಲ್ಲದೆ ಇತರ ಕೋಶಗಳಲ್ಲಿಯೂ ಅದು ಇದೆಯೆಂಬುದು ಅನಂತರ ತಿಳಿದುಬಂದಿತು. ಆಕ್ಟಿನ್ನಿನ ಅಣುಗಳು ಮಣಿಗಳಂತೆ ಒಂದಕ್ಕೊಂದು ಸೇರಿ ಎಳೆಗಳಾಗುತ್ತವೆ. ಇಂಥ ಎಳೆಯೊಂದರ ದಪ್ಪ ಸುಮಾರು 7 ನ್ಯಾನೋಮೀಟರ್. ಅಂದರೆ ತಲೆಗೂದಲಿನ ದಪ್ಪದಲ್ಲಿ ಹತ್ತು ಸಾವಿರದ ಒಂದು ಪಾಲು.

ಅಡಿಕೆಯ ಮರವನ್ನು ಏರುವ ಕೊನೆಗೌಡನು ಮೊದಲು ಕೈಗಳನ್ನು ಮೇಲಕ್ಕೆ ಚಾಚಿ ಮರವನ್ನು ಹಿಡಿಯುತ್ತಾನೆ. ಅನಂತರ ಕಾಲುಗಳನ್ನು ಮೇಲಕ್ಕೆ ಸೆಳೆದುಕೊಳ್ಳುತ್ತಾನೆ. ಕೋಶದ ಕ್ರಮವೂ ಹೆಚ್ಚುಕಡಿಮೆ ಇದೇ. ಅದರ ಮುಂಭಾಗದಲ್ಲಿ ಎಳೆಗಳು ಬೆಳೆದು, ಕವಲೊಡೆದು, ಪೊರೆಯನ್ನು ಮುಂದಕ್ಕೆ ತಳ್ಳುತ್ತವೆ. ಚಾಚಿದ ಭಾಗವು ನೆಲವನ್ನು ಕಚ್ಚಿಕೊಳ್ಳುತ್ತದೆ. ಮಯೋಸಿನ್ ಎಂಬ ಇನ್ನೊಂದು ಪ್ರೋಟೀನು ಎಳೆಗಳನ್ನು ಜಗ್ಗಿದಾಗ ಹಿಂಭಾಗವು ಮುಂದಕ್ಕೆ ಸರಿಯುತ್ತದೆ. ಹಳೆಯ ಎಳೆಗಳು ಬಿಚ್ಚಿ, ಅವುಗಳ ಮಣಿಗಳು ಹೊಸ ಎಳೆಗಳಿಗೆ ಒದಗುತ್ತವೆ.

ಆಕ್ಟಿನ್ನನ್ನು ತಯಾರಿಸುವ ಸೂಚನೆ ಜೀನುಗಳಲ್ಲಿ ಅಡಗಿದೆ. ಇಲಿಯ ಬೀಟಾ ಆಕ್ಟಿನ್ ಜೀನಿನ ಅಕ್ಷರಕ್ರಮವು 1983ರಲ್ಲಿ ಪ್ರಕಟವಾಯಿತು. ಈ ಪ್ರೋಟೀನಿನಲ್ಲಿ 375 ಅಮೈನೋ ಆಮ್ಲಗಳಿವೆ. ಇಲಿಯಲ್ಲಿಯೂ ಮನುಷ್ಯನಲ್ಲಿಯೂ ಅವುಗಳ ಕ್ರಮ ಒಂದೇ; ಒಂದು ಸ್ಥಾನದಲ್ಲಿಯೂ ವ್ಯತ್ಯಾಸವಿಲ್ಲ. ರವಿವರ್ಮನ ಶಾಸನಕ್ಕೆ ಸುಮಾರು ಒಂದೂವರೆ ಸಾವಿರ ವರ್ಷಗಳಾಗಿವೆ. ಇಲಿ ಮತ್ತು ಮನುಷ್ಯರ ಪೂರ್ವಜರು ಬೇರೆಯಾಗಿ ಕೋಟ್ಯಂತರ ವರ್ಷಗಳೇ ಸಂದಿವೆ. ಕಲ್ಲಿನ ಮೇಲಿನ ಬರಹವು ಒಮ್ಮೆ ಕೆತ್ತಿದ್ದು. ಜೀವಿಯ ಬರಹವಾದರೋ ತಲೆಮಾರಿನಿಂದ ತಲೆಮಾರಿಗೆ ಪ್ರತಿಯಾಗುತ್ತಲೇ ಬಂದಿದೆ. ಆದರೂ ಇದರ ಅರ್ಥ ಕೆಡಲಿಲ್ಲ. ಏಕೆಂದರೆ ಇಲ್ಲಿ ಕೆಟ್ಟ ತಪ್ಪು ನುಸುಳಿದರೆ ಆ ಜೀವಿಯ ಉಳಿವೇ ಕಷ್ಟವಾಗುತ್ತದೆ. ಆದುದರಿಂದಲೇ ಇಲಿಯ ಕೋಶದಲ್ಲಿ ಕಂಡ ಸಂಗತಿಯು ಅನೇಕ ವೇಳೆ ಮನುಷ್ಯನ ಕೋಶವನ್ನು ಅರಿಯಲು ನೆರವಾಗುತ್ತದೆ.

ಈ ಅರಿವು ಬರಿಯ ಕುತೂಹಲದ ವಿಷಯವಲ್ಲ. ವಿಸ್ಕಾಟ್-ಆಲ್ಡ್ರಿಚ್ ಎಂಬ ವಿರಳವಾದ ಕಾಯಿಲೆಯಲ್ಲಿ, ರಕ್ತದ ಕೋಶಗಳಲ್ಲಿ ಆಕ್ಟಿನ್ ಎಳೆಗಳು ಕವಲೊಡೆಯುವಂತೆ ಪ್ರೇರಿಸುವ ಪ್ರೋಟೀನಿನ ಜೀನು ದೋಷಯುಕ್ತವಾಗಿರುತ್ತದೆ. ಈ ಜೀನನ್ನು 1994ರಲ್ಲಿ ಗುರುತಿಸಲಾಯಿತು. ಹೆಚ್ಚಾಗಿ ಗಂಡುಮಕ್ಕಳಿಗೆ ಬರುವ ಈ ಕಾಯಿಲೆಯಲ್ಲಿ ಬಿಳಿಯ ರಕ್ತಕಣಗಳು ಸೋಂಕಿದ್ದೆಡೆಗೆ ಸರಿಯಾಗಿ ಧಾವಿಸಲಾರವು. ರಕ್ತಸ್ರಾವವೂ ಸುಲಭವಾಗಿ ಆಗುತ್ತದೆ. ಇನ್ನೊಂದೆಡೆ, ಕ್ಯಾನ್ಸರಿನ ಕೋಶವು ಗಂಟಿನಿಂದ ಕಳಚಿ ದೇಹದ ಬೇರೆಡೆಗೆ ಹೋಗಲು ಇದೇ ನಡಿಗೆಯನ್ನು ಬಳಸಿಕೊಳ್ಳುತ್ತದೆ. ಗಾಯವನ್ನು ಮುಚ್ಚಿ ಕಾಯುವ ಶಕ್ತಿಯೇ ಹತೋಟಿ ತಪ್ಪಿದಾಗ ಕೊಲ್ಲುವ ಶಕ್ತಿಯಾಗುತ್ತದೆ.

ಈ ಎಳೆಗಳ ಅಧ್ಯಯನ ಕರ್ನಾಟಕದಲ್ಲಿಯೂ ನಡೆದಿದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸತ್ಯಜಿತ್ ಮೇಯರ್, ಮದನ್ ರಾವ್ ಮೊದಲಾದ ವಿಜ್ಞಾನಿಗಳು, ಪೊರೆಯ ಕೆಳಗಿನ ಆಕ್ಟಿನ್ ಎಳೆಗಳು ಪೊರೆಯ ಕೆಲವು ಅಣುಗಳನ್ನು ಗುಂಪುಗೂಡಿಸುತ್ತವೆಂಬುದನ್ನು 2012ರಲ್ಲಿ ವಿವರಿಸಿದರು.

ಬೆರಳಿನ ಗಾಯ ಮಾಯ್ದ ಮೇಲೆ ರೈತನು ಅದನ್ನು ಮರೆತು ಮತ್ತೆ ಗದ್ದೆಗೆ ಇಳಿಯುತ್ತಾನೆ. ಅವನ ಕಣಜದ ಭತ್ತವನ್ನು ಕದಿಯುವ ಇಲಿಯ ಮೈಯಲ್ಲಿಯೂ, ಅದನ್ನು ಶಪಿಸುವ ಅವನ ಮೈಯಲ್ಲಿಯೂ ಗಾಯವನ್ನು ಮುಚ್ಚುವ ಎಳೆ ಒಂದೇ.