ಕಲ್ಯಾಣಿ, ಕ್ವಾರಿ, ಗಣಿ: ಒಂದು ದಿನದ ಪಾಠ

ನೀರು ಎಲ್ಲಿದ್ದರೂ ನೀರೇ ಎಂಬುದು ನಮ್ಮೆಲ್ಲರ ಸಾಮಾನ್ಯ ತಿಳಿವಳಿಕೆ. ಆದರೆ ನೀರು ನಿಂತ ಗುಂಡಿಯನ್ನು ಯಾರು, ಯಾವ ಉದ್ದೇಶಕ್ಕಾಗಿ ತೋಡಿದರು ಎಂಬುದನ್ನು ವಿಚಾರಿಸದೆ ಅದಕ್ಕೆ ಧುಮುಕುವವನು ತಪ್ಪು ಮಾಡುತ್ತಾನೆ. ಕಳೆದ ಬೇಸಿಗೆಯಲ್ಲಿ ನಮ್ಮ ಭೂಗೋಳಶಾಸ್ತ್ರದ ಅಧ್ಯಾಪಕರೊಡನೆ ಕೋಲಾರದ ಕಡೆಗೆ ಕೈಗೊಂಡ ಒಂದು ದಿನದ ಪ್ರವಾಸ ಈ ಸಂಗತಿಯನ್ನು ನಮಗೆ ಮನಗಾಣಿಸಿತು.

ನಸುಕಿನಲ್ಲಿಯೇ ವ್ಯಾನು ಹತ್ತಿದ ನಾವು ಮೊದಲು ಸೇರಿದ್ದು ಕೋಲಾರ ಪಟ್ಟಣದ ಬಳಿಯ ಶತಶೃಂಗ ಪರ್ವತದಲ್ಲಿರುವ ಅಂತರಗಂಗೆಯನ್ನು. ಅಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಕಲ್ಯಾಣಿಗೆ ಬೀಳುತ್ತದೆ. ಬೆಟ್ಟದ ಮೇಲೆ ಬಿದ್ದ ಮಳೆ ಬಂಡೆಗಳ ಬಿರುಕುಗಳಲ್ಲಿ ಇಂಗಿ, ನಿಧಾನವಾಗಿ ಹರಿದು, ಕೆಳಗೆ ಊಟೆಯಾಗಿ ಹೊರಬರುತ್ತದೆಂದು ಅಧ್ಯಾಪಕರು ವಿವರಿಸಿದರು. ಮುಖ ತೊಳೆದು ನಾವು ಹೊರಡುವಾಗ, “ಕಲ್ಯಾಣಿಯ ಮೆಟ್ಟಿಲುಗಳನ್ನು ಒಮ್ಮೆ ನೋಡಿಕೊಳ್ಳಿ. ಮುಂದೆ ಕೇಳುತ್ತೇನೆ” ಎಂದರು. ನೋಡಿದೆವು, ಏಕೆಂದು ತಿಳಿಯಲಿಲ್ಲ.

ಬಂಗಾರಪೇಟೆಯ ದಾರಿಯಲ್ಲಿ ಕೆಲಸ ನಿಂತುಹೋದ ಒಂದು ಕಲ್ಲು ಕ್ವಾರಿ ಕಾಣಿಸಿತು. ಅದರ ತುಂಬ ಹಸುರು ಬಣ್ಣದ ನಿಶ್ಚಲ ನೀರು. ಬಿಸಿಲಿಗೆ ಬೆಂದಿದ್ದ ನಮ್ಮ ಗೆಳೆಯನೊಬ್ಬ ಆಗಲೇ ಅಂಗಿ ಬಿಚ್ಚಿ ಅಂಚಿಗೆ ನಿಂತಿದ್ದ. ಅವನು ಒಳ್ಳೆಯ ಈಜುಗಾರ.

“ಸ್ವಲ್ಪ ನಿಲ್ಲಪ್ಪಾ,” ಎಂದರು ಅಧ್ಯಾಪಕರು. “ಬೀಳುವುದಕ್ಕೆ ಸುತ್ತಲೂ ಜಾಗವಿದೆ. ಹತ್ತುವುದಕ್ಕೆ ಎಲ್ಲಿದೆ, ತೋರಿಸು.”

ಅವನು ಸುತ್ತ ನೋಡಿದ. ನಾಲ್ಕು ಕಡೆಯೂ ಗೋಡೆಯಂತೆ ಕಡಿದ ಬಂಡೆ. ಕಾಲೂರಲು ಒಂದು ಗೇಣು ಜಾಗವಿಲ್ಲ. ವ್ಯಾನಿನಲ್ಲಿದ್ದ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟೆವು. ಹಗ್ಗವೆಲ್ಲ ಮುಗಿದರೂ ತಳ ಸಿಕ್ಕಲಿಲ್ಲ. ಅಲ್ಲೇ ಮೇಕೆ ಮೇಯಿಸುತ್ತಿದ್ದ ಅಜ್ಜಿಯೊಬ್ಬರು ಹತ್ತಿರ ಬಂದು, “ಬ್ಯಾಡ ಕಣಪ್ಪ. ಹೋದ ಬ್ಯಾಸ್ಗೇಲಿ ನಮ್ಮೂರ ಹುಡುಗ ಇಲ್ಲೇ ಹೋದ. ಅವನಿಗೂ ಈಜು ಬರ್ತಿತ್ತು” ಎಂದರು. ನಮ್ಮ ಗೆಳೆಯ ಮಾತಿಲ್ಲದೆ ಅಂಗಿ ತೊಟ್ಟುಕೊಂಡ.

ಈಜು ಬಲ್ಲವನೂ ಮುಳುಗುವುದೇಕೆ? ಅಲ್ಲಿಯೇ ಮರದ ನೆರಳಿನಲ್ಲಿ ಪಾಠ ನಡೆಯಿತು. ಬಿಸಿಲಿಗೆ ಕಾದ ನೀರು ಹಗುರವಾದ್ದರಿಂದ ಮೇಲೆಯೇ ನಿಲ್ಲುತ್ತದೆ. ಅದರ ಕೆಳಗೆ ತಣ್ಣನೆಯ ನೀರಿರುತ್ತದೆ. ಮೇಲಿಂದ ಧುಮುಕಿದವನಿಗೆ ಆ ತಣುಪು ಥಟ್ಟನೆ ತಾಗಿದರೆ ಉಸಿರು ತಾನಾಗಿಯೇ ಒಳಕ್ಕೆ ಎಳೆದುಕೊಳ್ಳುತ್ತದೆ. ಗಾಳಿಯ ಬದಲು ನೀರು ಒಳಹೋಗುತ್ತದೆ. ಎರಡನೆಯದಾಗಿ, ನೀರಿನೊಳಗೆ ಚಾಚಿದ ಕಲ್ಲು, ಬಿಟ್ಟುಹೋದ ಕಬ್ಬಿಣ ಮೇಲಿಂದ ಕಾಣುವುದಿಲ್ಲ. ಮೂರನೆಯದಾಗಿ, ದಣಿದವನಿಗೆ ಹಿಡಿದು ನಿಲ್ಲಲು ಆಸರೆಯಿಲ್ಲ. “ಈಗ ಹೇಳಿ, ಕಲ್ಯಾಣಿಗೂ ಇದಕ್ಕೂ ಏನು ವ್ಯತ್ಯಾಸ?” ಎಂದು ಅಧ್ಯಾಪಕರು ಕೇಳಿದಾಗ ಉತ್ತರ ನಮ್ಮ ಬಾಯಲ್ಲೇ ಇತ್ತು. ಕಲ್ಯಾಣಿಯನ್ನು ಕಟ್ಟಿದವರು ಮನುಷ್ಯ ಇಳಿದು ಹತ್ತಲೆಂದು ಕಟ್ಟಿದರು. ನೀರು ಎಷ್ಟು ಇಳಿದರೂ ಕಾಲಿಗೊಂದು ಮೆಟ್ಟಿಲು ಸಿಗುತ್ತದೆ. ಕ್ವಾರಿಯನ್ನು ತೋಡಿದ್ದು ಕಲ್ಲನ್ನು ಹೊರತೆಗೆಯಲು.

ಮಧ್ಯಾಹ್ನ ಕೋಲಾರದ ಚಿನ್ನದ ಗಣಿಗಳನ್ನು ಬೇಲಿಯ ಹೊರಗಿನಿಂದಲೇ ನೋಡಿದೆವು. ಇಲ್ಲಿ ಬಹು ಹಿಂದೆಯೇ ಜನ ಬಂಡೆಗೆ ಬೆಂಕಿ ಕೊಟ್ಟು, ನೀರೆರಚಿ, ಬಿರುಕು ಬಿಡಿಸಿ ಚಿನ್ನ ತೆಗೆಯುತ್ತಿದ್ದರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ತರುವಾಯ ಗಣಿಗಾರಿಕೆ ದೊಡ್ಡದಾಯಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ವಿದ್ಯುತ್ತನ್ನು ತಂದರು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿಯಿತು. ಆ ಆಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ಮೀರಿತ್ತು. ತಂಪಾದ ಗಾಳಿಯನ್ನು ಒಳಕ್ಕೆ ಕಳುಹಿಸದೆ ಕೆಲಸ ಸಾಧ್ಯವಿರಲಿಲ್ಲ. ಒತ್ತಡಕ್ಕೆ ಬಂಡೆಯೇ ಸಿಡಿದು ಅನೇಕ ಕಾರ್ಮಿಕರು ಪ್ರಾಣ ಕಳೆದುಕೊಂಡರು.

ಗಣಿಯೊಳಗೆ ಒಸರುವ ನೀರನ್ನು ಪಂಪುಗಳು ಹಗಲಿರುಳು ಎತ್ತುತ್ತಿದ್ದವು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು, ಪಂಪುಗಳು ನಿಂತವು, ಸುರಂಗಗಳಿಗೆ ನೀರು ತುಂಬಿತು. ಮುಚ್ಚಿದ ಗಣಿಯಲ್ಲಿ ಆಸರೆಯ ಮರಗಳು ಕೊಳೆಯುತ್ತವೆ. ಗಾಳಿಯಾಡದ ಮೂಲೆಗಳಲ್ಲಿ ಆಮ್ಲಜನಕ ತಗ್ಗುತ್ತದೆ. ಒಳಹೊಕ್ಕವನಿಗೆ ಇದರ ಸುಳಿವು ಮೊದಲೇ ಸಿಗುವುದಿಲ್ಲ. ಆದುದರಿಂದ ಅಲ್ಲಿನ ಬೇಲಿಯನ್ನು ಅಡ್ಡಿಯೆಂದು ಬಗೆಯದೆ ಎಚ್ಚರಿಕೆಯ ಮಾತೆಂದು ತಿಳಿಯತಕ್ಕದ್ದು.

ಸಂಜೆ ಹಿಂದಿರುಗುವಾಗ ಹಾಡು ಹರಟೆಗಳಿಗೆ ಕೊರತೆಯಿರಲಿಲ್ಲ. ಆದರೆ ಆ ಕ್ವಾರಿಯ ಬಳಿ ಬಂದಾಗ ವ್ಯಾನಿನೊಳಗೆ ಎಲ್ಲರೂ ಸುಮ್ಮನಾದೆವು. ಪ್ರಿಯ ಸಹಪಾಠಿಗಳೇ, ರಜೆಯಲ್ಲಿ ನೀವೂ ಇಂಥ ಕಡೆಗೆ ಹೋಗುವಿರಿ, ಹೋಗಲೇಬೇಕು. ಹೋದಾಗ ಆ ಊರಿನವರನ್ನು ಮೊದಲು ಕೇಳಿ, ಒಬ್ಬರೇ ಇಳಿಯಬೇಡಿ, ಇಳಿಯುವ ಮೊದಲು ಹತ್ತುವ ದಾರಿಯನ್ನು ನೋಡಿಕೊಳ್ಳಿ.